ಜೀನ್ಸ್ ಮಾರಲು ಸ್ವಂತ ವೆಬ್‌ಸೈಟ್: ಅಂಗಡಿಯಲ್ಲೇ ಸರ್ವರ್ ಇಡಬೇಕಾ? ಯಾವ ಸಾಫ್ಟ್‌ವೇರ್ ಒಳ್ಳೆಯದು?

ಬಳ್ಳಾರಿ ಡೆನಿಮ್:
ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಕೌಲ್ ಬಜಾರ್ ಕಡೆ ನಮ್ಮದೊಂದು ಚಿಕ್ಕ ಜೀನ್ಸ್ ಯೂನಿಟ್ ಇದೆ, ಒಂಬತ್ತು ಮಷಿನ್. ಇಷ್ಟು ದಿನ ಹೋಲ್‌ಸೇಲ್‌ನವರಿಗೇ ಮಾಲು ಕೊಡುತ್ತಾ ಬಂದಿದ್ದೇವೆ. ದುಡ್ಡು ಕೈಗೆ ಬರಲು ಎರಡು ಮೂರು ತಿಂಗಳು ಹಿಡಿಯುತ್ತೆ, ನಾವು ಹೊಲಿದ ಪ್ಯಾಂಟಿಗೆ ಬೇರೆಯವರ ಲೇಬಲ್ ಬೀಳುತ್ತೆ. ಈಗ ನಮ್ಮ ಹೆಸರಲ್ಲೇ ಆನ್‌ಲೈನ್ ಅಂಗಡಿ ತೆರೆಯಬೇಕು ಅಂತ ಅಪ್ಪನನ್ನು ಒಪ್ಪಿಸಿದ್ದೇನೆ. ಕೈಯಲ್ಲಿರುವುದು ಒಂದು ಲಕ್ಷ.

ಪರಿಚಯದವರೊಬ್ಬರು 60 ಸಾವಿರದ ಸರ್ವರ್ (ವೆಬ್‌ಸೈಟ್ ಇಟ್ಟು ಓಡಿಸುವ ಕಂಪ್ಯೂಟರ್) ತಗೊಂಡು ಯೂನಿಟ್‌ನಲ್ಲೇ ಇಡಿ ಅಂತಾರೆ. ಇನ್ನೊಬ್ಬರು ಶಾಪಿಫೈ ಅಂತಾರೆ, ಮತ್ತೊಬ್ಬರು ವೂಕಾಮರ್ಸ್ ಅಂತಾರೆ, ಎರಡೂ ಆನ್‌ಲೈನ್ ಅಂಗಡಿ ಮಾಡುವ ಸಾಫ್ಟ್‌ವೇರ್ ಅಂತೆ. ಸುಮಾರು 40 ಡಿಸೈನ್, 28ರಿಂದ 40ರವರೆಗೆ ಸೈಜ್. ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ರ‍್ಯಾಮ್. ಏನು ಕೊಳ್ಳಲಿ, ಏನು ಬಿಡಲಿ?

ರಾಯಚೂರು ವೆಬ್:
ಅಣ್ಣ, ಸರ್ವರ್ ಮಾತ್ರ ಬೇಡವೇ ಬೇಡ. ಕರೆಂಟ್ ಹೋದರೆ ಅಂಗಡಿ ಬಂದ್, ಇಂಟರ್ನೆಟ್ ಹೋದರೂ ಬಂದ್. ಹೊಲಿಗೆ ಯೂನಿಟ್‌ನಲ್ಲಿ ಡೆನಿಮ್ ಧೂಳು ಎಷ್ಟಿರುತ್ತೆ ನಿಮಗೇ ಗೊತ್ತು, ಬೇಸಿಗೆಯ ಬಿಸಿ ಬೇರೆ, ಫ್ಯಾನ್ ಕಟ್ಟಿಕೊಂಡು ಮಷಿನ್ ಕೆಡುತ್ತೆ. 40 ಡಿಸೈನ್‌ಗೆ ಬಾಡಿಗೆ ಹೋಸ್ಟಿಂಗ್, ಅಂದರೆ ಬೇರೆಯವರ ಸರ್ವರ್‌ನಲ್ಲಿ ಬಾಡಿಗೆಗೆ ಸಿಗುವ ಜಾಗ, ಧಾರಾಳ ಸಾಕು.

ಶಾಪಿಫೈ ಅಂದರೆ ತಿಂಗಳ ಬಾಡಿಗೆ ಕಟ್ಟಿ ಕೂರುವ ಮಳಿಗೆ ಇದ್ದ ಹಾಗೆ. ಸರ್ವರ್, ಸೆಕ್ಯೂರಿಟಿ ಎಲ್ಲ ಅವರದೇ ತಲೆನೋವು. ಆದರೆ ಅವರ ಸ್ವಂತ ಪೇಮೆಂಟ್ ಸೇವೆ ನಮ್ಮ ದೇಶದಲ್ಲಿಲ್ಲ, ಬೇರೆ ಗೇಟ್‌ವೇ (ಗ್ರಾಹಕರ ದುಡ್ಡು ಆನ್‌ಲೈನ್‌ನಲ್ಲಿ ಪಡೆದು ನಮಗೆ ಕೊಡುವ ಸೇವೆ) ಜೋಡಿಸಬೇಕು, ಆಗ ಗೇಟ್‌ವೇ ಶುಲ್ಕದ ಜೊತೆ ಶಾಪಿಫೈ ಕೂಡ ಪ್ರತಿ ಆರ್ಡರ್‌ಗೆ ಒಂದಿಷ್ಟು ಹಿಡಿಯುತ್ತೆ. ವೂಕಾಮರ್ಸ್ ಅಂದರೆ ವರ್ಡ್‌ಪ್ರೆಸ್ ಎಂಬ ವೆಬ್‌ಸೈಟ್ ಸಾಫ್ಟ್‌ವೇರ್ ಮೇಲೆ ಓಡುವ ಉಚಿತ ಪ್ಲಗಿನ್ (ಜೋಡಿಸುವ ಭಾಗ). ಹೋಸ್ಟಿಂಗ್, ಡೊಮೈನ್ (ಸೈಟ್‌ನ ವಿಳಾಸ) ಖರ್ಚು ಮಾತ್ರ, ಎಸ್‌ಎಸ್‌ಎಲ್ (ಸೈಟ್‌ಗೆ ಹೋಗಿ ಬರುವ ಮಾಹಿತಿ ಕದಿಯದಂತೆ ಕಾಯುವ ಬೀಗ) ಬಹಳ ಕಡೆ ಉಚಿತವಾಗಿ ಸಿಗುತ್ತೆ. ಆದರೆ ಅಪ್‌ಡೇಟ್, ಬ್ಯಾಕಪ್ ನೀವೇ ನೋಡಿಕೊಳ್ಳಬೇಕು. ಬ್ಯಾಕಪ್ ಅದೇ ಹೋಸ್ಟಿಂಗ್‌ನಲ್ಲಿಟ್ಟರೆ ಉಪಯೋಗವಿಲ್ಲ, ಗೂಗಲ್ ಡ್ರೈವ್‌ಗೆ ಹೋಗಲಿ. ವಾರಕ್ಕೆ ಒಂದು ಗಂಟೆ ಕೂರುವವರು ಮನೆಯಲ್ಲಿದ್ದರೆ ವೂಕಾಮರ್ಸ್, ಯಾರೂ ಇಲ್ಲದಿದ್ದರೆ ಶಾಪಿಫೈ. ನಾನು ಹೇಳುವುದು ಇಷ್ಟೇ.

ಹಳೆ ಲ್ಯಾಪ್‌ಟಾಪ್ ಎಸೆಯಬೇಡಿ. ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿಸಿ, ಜಾಗವಿದ್ದರೆ ರ‍್ಯಾಮ್ 8 ಜಿಬಿ ಮಾಡಿಸಿ. ಆರ್ಡರ್ ನೋಡುವ ಕೆಲಸಕ್ಕೆ ಅದು ಆಗುತ್ತೆ.

ಕಿನ್ನಾಳ ಗೊಂಬೆ, ಕೊಪ್ಪಳ:
ಇದನ್ನು ಬರೆಯಲೇಬೇಕು ಅನ್ನಿಸಿತು. ನಾವು ಕಿನ್ನಾಳ ಗೊಂಬೆ ಮಾರುತ್ತೇವೆ. ಮೊದಲ ವೆಬ್‌ಸೈಟ್ ಮಾಡಿಕೊಟ್ಟವರು ಡೊಮೈನ್ ತಮ್ಮ ಹೆಸರಲ್ಲೇ ತಗೊಂಡಿದ್ದರು. ಎರಡನೇ ವರ್ಷ ಫೋನ್ ಎತ್ತಲಿಲ್ಲ, ಡೊಮೈನ್ ರಿನ್ಯೂ ಆಗಲಿಲ್ಲ, ದೀಪಾವಳಿಗೆ ಹತ್ತು ದಿನ ಇರುವಾಗ ಸೈಟ್ ಮಾಯ. ಕಾರ್ಡ್, ಡಬ್ಬಿ, ಎಲ್ಲದರ ಮೇಲೂ ಅದೇ ವಿಳಾಸ ಅಚ್ಚು ಹಾಕಿಸಿದ್ದೆವು. ಅಳು ಬಂದಿತ್ತು. ದಯವಿಟ್ಟು ಡೊಮೈನ್, ಹೋಸ್ಟಿಂಗ್, ಪೇಮೆಂಟ್ ಗೇಟ್‌ವೇ ಮೂರೂ ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರಿನಲ್ಲೇ ಇರಲಿ. ಮಾಡಿಕೊಡುವವರು ಎಷ್ಟೇ ಬೇಕಾದವರಾಗಿರಲಿ.

ಇನ್ನೊಂದು, ತಕ್ಕಡಿ ಮತ್ತು ಟೇಪ್ ಮೊದಲು ತಗೊಳ್ಳಿ. ಕೊರಿಯರ್‌ನವರು ತೂಕ ಅಷ್ಟೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ, ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನಮ್ಮ ಗೊಂಬೆ 300 ಗ್ರಾಂ, ಆದರೆ 25, 20, 20ರ ಡಬ್ಬಿಗೆ ಹಾಕಿದರೆ 2 ಕಿಲೋ ಲೆಕ್ಕ! ನಿಮಗೆ ಡಬ್ಬಿ ಬೇಕಿಲ್ಲ. ಪ್ಯಾಂಟ್ ಮಡಚಿ 35, 28, 5ರ ಕವರ್‌ನಲ್ಲಿ ಕೂರಿಸಿದರೆ 980 ಗ್ರಾಂ, ಒಂದು ಕಿಲೋ ಒಳಗೆ. ಎತ್ತರ ಇನ್ನೊಂದು ಸೆಂಟಿಮೀಟರ್ ಉಬ್ಬಿದರೂ ಲೆಕ್ಕ ಒಂದು ಕಿಲೋ ದಾಟುತ್ತೆ, ಗಾಳಿ ಒತ್ತಿ ತೆಗೆದು ಅಂಟಿಸಿ.

ಆರ್ಡರ್ ದಿನಕ್ಕೆ ಹತ್ತು ದಾಟಿದ ಮೇಲೆ 4x6 ಇಂಚಿನ ಥರ್ಮಲ್ ಲೇಬಲ್ ಪ್ರಿಂಟರ್ ತಗೊಳ್ಳಿ. ಇಂಕ್ ಬೇಕಿಲ್ಲ. ಅಲ್ಲಿಯವರೆಗೆ ಎ4 ಹಾಳೆ, ಅಗಲ ಟೇಪ್ ಸಾಕು.

ಬಟ್ಟೆ ಅಂಗಡಿ ಅಕ್ಕ, ಬಳ್ಳಾರಿ:
ತಮ್ಮಾ, ಜೀನ್ಸ್‌ನಲ್ಲಿ ದುಡ್ಡು ಹೋಗುವುದು ವಾಪಸ್ ಬರುವ ಮಾಲಿನಲ್ಲಿ. ನಾವು ಟ್ಯೂಬ್‌ಲೈಟ್ ಕೆಳಗೆ ಫೋಟೋ ತೆಗೆದು ಹಾಕಿದ್ದೆವು. ಐಸ್ ಬ್ಲೂ ಪ್ಯಾಂಟ್ ಬೂದಿ ಬಣ್ಣ ಕಂಡಿತ್ತು, ಬೂದಿ ಬಣ್ಣ ಅಂತಲೇ ತಗೊಂಡವರು ಒಬ್ಬೊಬ್ಬರಾಗಿ ವಾಪಸ್ ಕಳಿಸಿದರು. ಈಗ ಬೆಳಗ್ಗೆ ಎಂಟಕ್ಕೆ ಮಾಳಿಗೆ ಮೇಲೆ, ನೆರಳಲ್ಲಿ, ಬಿಳಿ ಬಟ್ಟೆ ಹಾಸಿ ಫೋನಲ್ಲೇ ತೆಗೆಯುತ್ತೇವೆ. ಒಂದು ಟ್ರೈಪಾಡ್ ಸಾಕು.

ಸೈಜ್ 32 ಅಂತ ಬರೆದು ಸುಮ್ನೆ ಬಿಡಬೇಡಿ. ವಾಶ್ ಆದ ಮೇಲೆ ಸೊಂಟ, ತೊಡೆ, ಒಳಕಾಲಿನ ಉದ್ದ ಅಳೆದು ಇಂಚಲ್ಲಿ ಹಾಕಿ. ಟೇಪ್ ಇಟ್ಟ ಫೋಟೋನೂ ಒಂದಿರಲಿ. ಪ್ರತಿ ಸೈಜ್‌ಗೆ ಸ್ಟಾಕ್ ಬೇರೆ ಬೇರೆ ತುಂಬಿ, ಇಲ್ಲದಿದ್ದರೆ 34ರ ಕೊನೆ ಪೀಸನ್ನು ಇಬ್ಬರಿಗೆ ಮಾರಿರುತ್ತೀರಿ.

ಕ್ಯಾಶ್ ಆನ್ ಡೆಲಿವರಿ ಪೂರ್ತಿ ಬಿಡಲು ಆಗಲ್ಲ. ಯುಪಿಐ ಮಾಡಿದವರಿಗೆ 50 ರೂಪಾಯಿ ಕಡಿಮೆ ಮಾಡಿ, ಕ್ಯಾಶ್‌ನವರಿಗೆ ಕಳಿಸುವ ಮೊದಲು ಒಂದು ಫೋನ್ ಹಾಕಿ. ಜಿಎಸ್‌ಟಿ ನಂಬರ್ ಮೊದಲೇ ಇರಬೇಕು. ಗುಂತಕಲ್ ನಮಗೆ ಪಕ್ಕದ ಊರು, ಆದರೆ ಆಂಧ್ರ ಅಲ್ವಾ? ಜೀನ್ಸ್ ಬೇರೆ ರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಚಿಕ್ಕದಿರಲಿ ರಿಜಿಸ್ಟ್ರೇಷನ್ ಬೇಕು. 2500 ರೂಪಾಯಿವರೆಗಿನ ಪೀಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 5, ಬೆಲೆ ಹಾಕುವಾಗ ಸೇರಿಸಿಕೊಳ್ಳಿ.

ಬಳ್ಳಾರಿ ಡೆನಿಮ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರ್ವರ್ ಬೇಡ ಅಂತ ಹೇಳಿಬಿಟ್ಟೆ. ತಂಗಿ ಬಿ.ಕಾಂ ಓದುತ್ತಿದ್ದಾಳೆ, ಸೈಟ್ ನಾನು ನೋಡಿಕೊಳ್ಳುತ್ತೇನೆ ಅಂದಳು, ಹಾಗಾಗಿ ವೂಕಾಮರ್ಸ್. ಡೊಮೈನ್ ಇವತ್ತೇ ನನ್ನ ಹೆಸರಲ್ಲಿ ತಗೊಂಡೆ. ಮೊದಲು 12 ಡಿಸೈನ್ ಮಾತ್ರ ಹಾಕುತ್ತೇವೆ. ಅಕ್ಕ, ಕಪ್ಪು ಜೀನ್ಸ್ ಫೋಟೋದಲ್ಲಿ ಹೊಲಿಗೆಯೇ ಕಾಣಲ್ಲ, ಏನು ಮಾಡಲಿ?

ಬಟ್ಟೆ ಅಂಗಡಿ ಅಕ್ಕ, ಬಳ್ಳಾರಿ:
ಕ್ಯಾಮೆರಾ ತೆರೆದು ಫೋನ್ ಸ್ಕ್ರೀನ್‌ನಲ್ಲಿ ಪ್ಯಾಂಟ್ ಕಾಣುವ ಕಡೆ ಬೆರಳಿಂದ ಒತ್ತಿ, ಸೂರ್ಯನ ಗುರುತು ಬರುತ್ತೆ, ಅದನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ಬಿಳಿ ಥರ್ಮಾಕೋಲ್ ಶೀಟ್ ಒಂದನ್ನು ಪಕ್ಕದಲ್ಲಿ ನಿಲ್ಲಿಸಿ. ಹೊಲಿಗೆ, ಜೇಬಿನ ಅಂಚು ಎರಡೂ ಕಾಣುತ್ತೆ.