ಸಹಾಯ ಬೇಕು: ಒಂಟಿ ಹೆಬ್ಬಾತು ಮರಿಗೆ ಜೊತೆ ಮತ್ತು ಪಕ್ಷಿವೈದ್ಯರು

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಗೋವಾದ ಫೋಂಡಾದಲ್ಲಿರುವ ನಮ್ಮ ಮನೆಯಲ್ಲಿ ಹೆಬ್ಬಾತು ಮರಿಯೊಂದು ಬೆಳೆಯುತ್ತಿದೆ. ಇನ್‌ಕ್ಯುಬೇಟರ್‌ನಲ್ಲಿಟ್ಟ ಮೊಟ್ಟೆಗಳಲ್ಲಿ ಇದೊಂದೇ ಮರಿಯಾದ ಕಾರಣ, ಅದು ನನ್ನ ಅಮ್ಮನನ್ನೇ ತನ್ನ ತಾಯಿಯೆಂದು ನಂಬಿ ಅಡುಗೆಮನೆಯಿಂದ ಅಂಗಳದವರೆಗೂ ಹಿಂಬಾಲಿಸುತ್ತದೆ. ಮೊಟ್ಟೆಯೊಡೆದು ಬಂದ ಮರಿ ಮೊದಲು ಕಂಡ, ಚಲಿಸುವ ಜೀವವನ್ನು ಹೀಗೆ ಹಚ್ಚಿಕೊಳ್ಳುವುದನ್ನು ಆಸ್ಟ್ರಿಯಾದ ಪ್ರಾಣಿವಿಜ್ಞಾನಿ ಕೊನ್ರಾಡ್ ಲೊರೆನ್ಜ್ 1935ರಲ್ಲೇ ವಿವರಿಸಿದ್ದರು. ಆದರೆ ಇದು ಹಿಂಡಿನಲ್ಲಿ ಬಾಳುವ, 20 ವರ್ಷದವರೆಗೂ ಬದುಕಬಲ್ಲ ಹಕ್ಕಿ. ಮನುಷ್ಯರ ಒಡನಾಟವೊಂದೇ ಅದಕ್ಕೆ ಸಾಲದೆಂಬುದು ನನ್ನ ದೃಢವಾದ ಅಭಿಪ್ರಾಯ. ನಾವು ಹೊರಗೆ ಹೊರಟಾಗ ಅದು ಇಡುವ ಮೊರೆಯನ್ನು ಕೇಳಲಾಗುವುದಿಲ್ಲ.

ಆದ್ದರಿಂದ ಮಡಗಾಂವ್, ವಾಸ್ಕೋ ಅಥವಾ ಕಾರವಾರದ ಕಡೆ ಹೆಬ್ಬಾತು ಸಾಕುವವರು ಪರಿಚಯವಿದ್ದರೆ ದಯವಿಟ್ಟು ತಿಳಿಸಿ. ಹೆಚ್ಚುಕಡಿಮೆ ಇದೇ ವಯಸ್ಸಿನ ಇನ್ನೊಂದು ಮರಿ ನಮಗೆ ಬೇಕಾಗಿದೆ. ಅದು ಸಿಗದಿದ್ದರೆ ಬಾತುಕೋಳಿ ಮರಿಯನ್ನಾದರೂ ಜೊತೆಗೆ ಬಿಡಬಹುದೇ ಎಂಬುದನ್ನು ಅನುಭವವುಳ್ಳವರು ಹೇಳಬೇಕು.

ಇನ್ನೊಂದು ಮಾತು ಅವಸರದ್ದು. ಕೋಳಿಮರಿಗಳಿಗಿಂತ ಹೆಬ್ಬಾತು ಮರಿಗಳಿಗೆ ನಯಾಸಿನ್ (ಬಿ3 ವಿಟಮಿನ್) ಹೆಚ್ಚು ಬೇಕು, ಕೊರತೆಯಾದರೆ ಕಾಲು ಸೊಟ್ಟಗಾಗುತ್ತದೆ. ಹಾಗಾಗಿ ಆಹಾರದಲ್ಲಿ ನಯಾಸಿನ್ ಇರುವ ಬ್ರೂವರ್ಸ್ ಯೀಸ್ಟ್ ಪುಡಿ ಬೆರೆಸುತ್ತಿದ್ದೇವೆ, ಹುಲ್ಲು ಮೇಯಲು ಬಿಡುತ್ತೇವೆ, ಪಾವ್ ಹಾಕುವುದಿಲ್ಲ. ಕಾಲು ಚೆನ್ನಾಗಿದ್ದರೂ ಎಡರೆಕ್ಕೆಯ ತುದಿ ಈಚೆಗೆ ಹೊರಕ್ಕೆ ತಿರುಗಿದಂತೆ ಕಾಣುತ್ತಿದೆ. ಎಳವೆಯಲ್ಲೇ ರೆಕ್ಕೆಯನ್ನು ಮಡಚಿ ಪಟ್ಟಿ ಕಟ್ಟಿದರೆ ಇದು ಸರಿಹೋಗುವ ಸಾಧ್ಯತೆ ಹೆಚ್ಚು, ಎಲುಬು ಬಲಿತ ಮೇಲೆ ಕಷ್ಟ. ಪಕ್ಷಿಗಳನ್ನು ನೋಡಿ ಅನುಭವವಿರುವ ಪಶುವೈದ್ಯರು ಫೋಂಡಾ ಅಥವಾ ಪಣಜಿಯಲ್ಲಿದ್ದರೆ ಈ ವಾರದೊಳಗೆ ತಿಳಿಸಿ, ಎಷ್ಟು ದೂರವಾದರೂ ಕರೆದೊಯ್ಯುತ್ತೇವೆ.