‘ಮಗುಚು’ ಮತ್ತು ‘ಬೋರಲಾಗು’: ನೀರಿಗೆ ಬಿದ್ದ ಹೆಲಿಕಾಪ್ಟರಿಗೆ ಯಾವುದು?

ಎಲ್ಲರಿಗೂ ನಮಸ್ಕಾರ. ಮಂಡ್ಯದ ಎನ್‌ಸಿಸಿ ಹುಡುಗರಿಗೆ ಅಂತ ಒಂದು ಬರಹ ಮಾಡುತ್ತಿದ್ದೇನೆ. ಮಿಲಿಟರಿ ವಿಮಾನ, ಹೆಲಿಕಾಪ್ಟರ್‌ನವರು ನೀರಿಗೆ ಬಿದ್ದರೆ ಹೇಗೆ ಹೊರಗೆ ಬರಬೇಕು ಅಂತ ಕಲಿಸುತ್ತಾರಲ್ಲ, ಅದರ ಬಗ್ಗೆ. ಕೆಲವು ಪದಗಳ ಹತ್ತಿರ ಕೈ ನಿಂತಿದೆ.

ಕೊಚ್ಚಿಯಲ್ಲಿರುವ ನೌಕಾಪಡೆಯ ಐಎನ್‌ಎಸ್ ಗರುಡ ನೆಲೆಯಲ್ಲಿ ಇದಕ್ಕೆಂದೇ ಒಂದು ಕೊಳ ಇದೆ. ಹೆಲಿಕಾಪ್ಟರಿನ ಒಳಭಾಗದಂಥ ಗೂಡಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ನೀರಿಗೆ ಬಿಟ್ಟು ತಲೆಕೆಳಗು ಮಾಡುತ್ತಾರೆ. ನಿಜವಾದ ಹೆಲಿಕಾಪ್ಟರಿನಲ್ಲಿ ಇಂಜಿನ್, ರೆಕ್ಕೆ ಎಲ್ಲ ಮೇಲೆ, ತೂಕವೂ ಅಲ್ಲೇ ಜಾಸ್ತಿ, ಹಾಗಾಗಿ ನೀರಿಗೆ ಬಿದ್ದರೆ ಸಾಮಾನ್ಯವಾಗಿ ತಿರುಗಿಬಿಡುತ್ತದೆ.

ನಮ್ಮಕ್ಕನ ಮಗ ಈ ತರಬೇತಿ ಮುಗಿಸಿ ಬಂದವನು ಹಿತ್ತಲ ತೊಟ್ಟಿಯಲ್ಲಿ ಚೊಂಬು ಮುಳುಗಿಸಿ ಅವ್ವನಿಗೆ ತೋರಿಸಿದ. ಒಂದು ಕೈ ಕಿಟಕಿ ಅಂಚನ್ನು ಬಿಡಬಾರದು, ತಿರುಗೋದು ನಿಲ್ಲೋವರೆಗೂ ಕಾಯಬೇಕು, ಆಮೇಲೆ ಕಿಟಕಿ ತಳ್ಳಬೇಕು, ಬೆಲ್ಟ್ ಬಿಚ್ಚೋದು ಕೊನೆಗೆ. “ಮೊದ್ಲೇ ಬಿಚ್ಕಂಡ್ರೆ ಆಗಲ್ವಾ ಮಗ?” ಅಂತ ಅವ್ವ ಕೇಳಿದಳು. “ತೇಲಿಹೋಗಿ ಕಿಟಕಿ ಯಾವ ಕಡೆ ಅಂತಾನೇ ಗೊತ್ತಾಗಲ್ಲ ಅಜ್ಜಿ” ಅಂದ. ಅವ್ವ ಚೊಂಬನ್ನೇ ನೋಡುತ್ತಾ, “ಮಗುಚ್ಕತಾ ಇರೋವಾಗ ಸುಮ್ನಿರು, ಬೋರ್ಲಾದ್ಮೇಲೆ ಎದ್ದು ಬಾ, ಅಷ್ಟೇ ತಾನೆ” ಅಂದಳು.

ನಾನು ಎರಡಕ್ಕೂ ‘ತಲೆಕೆಳಗಾಗು’ ಅಂತ ಬರೆದಿದ್ದೆ. ಅವ್ವನ ಮಾತಿನಲ್ಲಿ ಎರಡು ಬೇರೆ ಬೇರೆ. ಮಗುಚು ಅಂದರೆ ತಿರುಗುವ ಕೆಲಸ: ತೆಪ್ಪ ಮಗುಚಿತು, ದೋಸೆ ಮಗುಚಿ ಹಾಕು. ಬೋರಲು ಅಂದರೆ ತಿರುಗಿ ಆದ ಮೇಲಿನ ಇರವು: ಪಾತ್ರೆ ತೊಳೆದು ಬೋರಲು ಹಾಕು. ಇಡೀ ತರಬೇತಿ ನಿಂತಿರೋದೇ ಈ ವ್ಯತ್ಯಾಸದ ಮೇಲೆ, ಅಲ್ವಾ? ‘ಕವುಚು’ ಕೂಡ ಇದೆ. ಅದನ್ನು ನಿಮ್ಮ ಕಡೆ ಯಾವುದಕ್ಕೆ ಹೇಳುತ್ತೀರಿ?

ಎರಡನೆಯ ಪದ ಇನ್ನೂ ಕಷ್ಟ: ವಿಮಾನವನ್ನು ಬೇಕೆಂದೇ ನೀರಿನ ಮೇಲೆ ಇಳಿಸೋದಕ್ಕೆ ಏನನ್ನಬೇಕು? 2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಪೈಲಟ್ ಬೇಕೆಂದೇ ವಿಮಾನ ಇಳಿಸಿದರು. 155 ಜನರೂ ಉಳಿದರು. ಇದನ್ನು ‘ಪತನ’ ಅನ್ನೋಕೆ ನನಗೆ ಮನಸ್ಸು ಬರಲ್ಲ. ‘ನೀರಿಗಿಳಿಸು’ ಅಂದರೆ ಹೊಸ ದೋಣಿ ನೀರಿಗೆ ಬಿಟ್ಟ ಹಾಗೆ ಕೇಳುತ್ತದೆ. ಸದ್ಯಕ್ಕೆ ‘ನೀರ ಮೇಲೆ ಇಳಿಸು’ ಅಂತ ಇಟ್ಟಿದ್ದೇನೆ, ಉದ್ದ ಆಯಿತು.

ತರಬೇತಿಯ ಹೆಸರಿಗೆ ‘ಬದುಕುಳಿಯುವಿಕೆ’ ಬೇಡ ಅನಿಸಿದೆ. ಬದುಕುಳಿಯೋದು ಅದೃಷ್ಟದಿಂದಲೂ ಆಗಬಹುದು. ಪಾರಾಗೋದರಲ್ಲಿ ನಮ್ಮ ಕೈಯೂ ಇರುತ್ತದೆ. ‘ನೀರಿನಿಂದ ಪಾರಾಗುವ ತರಬೇತಿ’ ಆಗಬಹುದಾ?

ನಾಲೆ ಪಕ್ಕದ ನಮಗೆ ಇದು ದೂರದ ವಿಷಯ ಅಲ್ಲ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಮಗುಚಿ 30 ಜನ ಹೋದರು. ಹುಡುಗರು ಓದಿದ ಕೂಡಲೇ ಕಣ್ಣಿಗೆ ಕಟ್ಟುವ ಪದ ಬೇಕು. ನಿಮ್ಮೂರಲ್ಲಿ ತೆಪ್ಪ ಹಾಕುವವರು, ಮೀನು ಹಿಡಿಯುವವರು ಇದ್ದರೆ ದಯವಿಟ್ಟು ಅವರನ್ನೇ ಕೇಳಿ ಬರೆಯಿರಿ.