ಚಂದ್ರಾ ಎಕ್ಸ್‌ರೇ ಟೆಲಿಸ್ಕೋಪ್ ಮಧ್ಯೆ ಮಧ್ಯೆ ಯಾಕೆ ನಿಲ್ಲುತ್ತೆ?

ಪ್ರಶ್ನೆ: ನಾಸಾದ ಬಾಹ್ಯಾಕಾಶ ಟೆಲಿಸ್ಕೋಪ್ ಚಂದ್ರಾದ ವಾರದ ಶೆಡ್ಯೂಲ್ ನೋಡ್ತಿದ್ದೆ, ಒಂದಷ್ಟು ಹೊತ್ತು ಕೆಲಸ ಆಮೇಲೆ ಗ್ಯಾಪ್, ಮತ್ತೆ ಕೆಲಸ ಮತ್ತೆ ಗ್ಯಾಪ್. ಯಾಕೆ ಹೀಗೆ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ 1: ಗ್ಯಾಪ್‌ಗೆ ಕಾರಣ ವಿಕಿರಣ ಪಟ್ಟಿ, ಅಂದ್ರೆ ಭೂಮಿ ಸುತ್ತ ಜೋರಾಗಿ ಓಡೋ ಕಣಗಳು ತುಂಬಿರೋ ಜಾಗ. ಚಂದ್ರಾ ಭೂಮಿನ ಒಂದು ಸುತ್ತು ಹಾಕೋಕೆ ಸುಮಾರು 64 ಗಂಟೆ ಬೇಕು, ದೂರದ ತುದಿಲಿದ್ದಾಗ ಆರಾಮಾಗಿ ನೋಡುತ್ತೆ, ಭೂಮಿ ಹತ್ರ ಬಂದಾಗ ಆ ಪಟ್ಟಿ ದಾಟಲೇಬೇಕು. 1999ರಲ್ಲಿ ಉಡಾಯಿಸಿದ ಶುರುವಲ್ಲೇ ಪ್ರೋಟಾನ್‌ಗಳು ಕನ್ನಡಿ ಮೂಲಕ ಹೋಗಿ ಕ್ಯಾಮೆರಾದ ಸಿಸಿಡಿ ಚಿಪ್‌ಗಳಿಗೆ (ಚಿತ್ರ ಹಿಡಿಯೋ ಚಿಪ್‌ಗಳು) ಹೊಡೆತ ಕೊಟ್ಟವು. ಅದಕ್ಕೇ ಈಗ ಪ್ರತಿ ಸಲ ಆ ಕ್ಯಾಮೆರಾನ ಫೋಕಸ್‌ನಿಂದ ಪಕ್ಕಕ್ಕೆ ಸರಿಸಿಟ್ಟು ದಾಟಿಸ್ತಾರೆ. ಸೂರ್ಯನಿಂದ ಜೋರು ಬಿರುಗಾಳಿ ಬಂದ್ರೂ ವೀಕ್ಷಣೆ ನಿಲ್ಲಿಸಿ, ವಾರದ ಪ್ಲಾನ್ ಮತ್ತೆ ಬರೀತಾರೆ.

ಉತ್ತರ 2: ಬಿಸಿದೂ ತಲೆನೋವು. ಹೊರಗಿನ ಇನ್ಸುಲೇಷನ್ ಹಳೇದಾಗಿದೆ, ಹಾಗಾಗಿ ಒಂದೇ ದಿಕ್ಕಿಗೆ ತುಂಬಾ ಹೊತ್ತು ತಿರುಗಿಸಿಡೋಕೆ ಆಗಲ್ಲ, ಒಂದು ಉದ್ದ ವೀಕ್ಷಣೆನ ತುಂಡು ತುಂಡು ಮಾಡಿ ವಾರದಲ್ಲಿ ಹೊಂದಿಸ್ಬೇಕು. ಪ್ಲಾನ್ ಮಾಡೋರ ತಾಳ್ಮೆಗೆ ನಿಜವಾಗ್ಲೂ ಕೈ ಮುಗಿಬೇಕು.

ಉತ್ತರ 3: ಆ ತಾಳ್ಮೆಗೆ ಫಲನೂ ಸಿಕ್ಕಿದೆ! 2023ರಲ್ಲಿ ಹೇಳಿದ ಯುಎಚ್‌ಝಡ್1 ಅನ್ನೋ ಗ್ಯಾಲಕ್ಸಿ ನೋಡಿ, ಮಹಾಸ್ಫೋಟ ಆಗಿ ಬರೀ 47 ಕೋಟಿ ವರ್ಷಕ್ಕೇ ಅದರೊಳಗೆ ಬೆಳೆಯುತ್ತಿದ್ದ ಕಪ್ಪುಕುಳಿ ಸಿಕ್ಕಿತು. ಏಬಲ್ 2744 ಗ್ಯಾಲಕ್ಸಿ ಗುಂಪು ಮಧ್ಯೆ ಮಸೂರದ ಥರ ನಿಂತು ಬೆಳಕನ್ನ ಹಿಗ್ಗಿಸಿತ್ತು, ಜೇಮ್ಸ್ ವೆಬ್ ಟೆಲಿಸ್ಕೋಪ್ ಆ ಗ್ಯಾಲಕ್ಸಿನ ತೋರಿಸ್ತು, ಚಂದ್ರಾ ಎರಡು ವಾರಕ್ಕೂ ಜಾಸ್ತಿ ನೋಡಿ ಕಪ್ಪುಕುಳಿಯ ಎಕ್ಸ್‌ರೇ ಹಿಡೀತು.

ಪ್ರಶ್ನೆ ಕೇಳಿದವರು: ಅಬ್ಬಾ, ಈಗ ಅರ್ಥ ಆಯ್ತು, ಎಲ್ರಿಗೂ ಥ್ಯಾಂಕ್ಸ್. ಇನ್ಮೇಲೆ ಗ್ಯಾಪ್ ಕಂಡಾಗ ಕ್ಯಾಮೆರಾ ಪಕ್ಕಕ್ಕೆ ಸರಿಯೋದೇ ಕಣ್ಮುಂದೆ ಬರುತ್ತೆ.